ದೊಡ್ಡಪ್ಪನ ಟ್ರಂಕಿನ ಆರು ತಟ್ಟೆಗಳು: ಕಲಾವಿದರ ಹೆಸರಿರುವ ಹಳೆ ಪಿಂಗಾಣಿ ಕೂಡಿಸುವ ಬಗ್ಗೆ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳೇ ತೊಟ್ಟಿ ಮನೆ. ಅಟ್ಟ ಗುಡಿಸುವಾಗ ನಮ್ಮವರ ದೊಡ್ಡಪ್ಪನ ಟ್ರಂಕಿನಲ್ಲಿ ಆರು ಪಿಂಗಾಣಿ ತಟ್ಟೆ ಸಿಕ್ಕವು. ಅವರು ಹಡಗಿನಲ್ಲಿ ಕೆಲಸಕ್ಕಿದ್ದವರು. ನಾಲ್ಕು ಚಿಕ್ಕ ತಟ್ಟೆ, ಬಿಳಿ ಮೇಲೆ ನೀಲಿ ಗೆರೆಯಲ್ಲಿ ಗಂಡು ಹೆಣ್ಣಿನ ಜೋಡಿ, ಹಿಂದೆ ‘ನಿಮೊಲ್ಲೆ, ಡೆನ್ಮಾರ್ಕ್’ ಎಂದಿದೆ. ಇನ್ನೊಂದು ದೊಡ್ಡದು, ಬಣ್ಣ ಬಣ್ಣದ್ದು, ಬಂಗಾರ ಬಳಿದದ್ದು. ಅದರಲ್ಲಿ ಕಿರೀಟ ಇಟ್ಟ ರಾಜ ಇದ್ದಾನೆ. ಹಿಂದೆ ‘ರೋಸೆಂಥಾಲ್’ ಮತ್ತು 1973. ಈ ಐದರಲ್ಲೂ ಬ್ಯೋರ್ನ್ ವೀನ್‌ಬ್ಲಾಡ್ ಎಂಬ ಹೆಸರಿದೆ. ಆರನೆಯದು ಪೂರ್ತಿ ನೀಲಿ, ಹಿಮ ಬಿದ್ದ ಹಳ್ಳಿ ಮನೆಯ ಅಂಗಳ, ಕೆಳಗೆ 1969, ಹಿಂದೆ ಮೂರು ಅಲೆ. ಇವು ಅಸಲಿಯೇ? ಬೆಲೆ ಬಾಳುತ್ತವಾ? ಇಂಥವನ್ನೇ ಇನ್ನಷ್ಟು ಕೂಡಿಸಿ ಹಜಾರದ ಗೋಡೆ ತುಂಬಿಸುವ ಆಸೆ ಇದೆ. ಆದರೆ ನಮ್ಮ ಮಳೆಗಾಲದ ತೇವಕ್ಕೆ ಹಾಳಾಗುತ್ತವೆಯೇ? ಅತ್ತೆಯವರದ್ದು ಬೇರೆಯೇ ಪ್ರಶ್ನೆ: ಪಿಂಗಾಣಿಗೆ ಮೂಳೆ ಹಾಕುತ್ತಾರಂತೆ, ಹೌದಾ?

ಉತ್ತರ: ನೀವು ಬರೆದ ವಿವರ ನೋಡಿದರೆ ಆರೂ ಅಸಲಿ ಇರುವ ಸಾಧ್ಯತೆಯೇ ಜಾಸ್ತಿ. ಅರ್ಧ ಶತಮಾನದ ಹಿಂದೆ ಹಡಗಿನ ಕೆಲಸದವರು ಬಂದರಿನಲ್ಲಿ ಕೊಂಡು ತಂದ ಇಂಥ ತಟ್ಟೆಗಳನ್ನು ಆಗ ನಕಲು ಮಾಡುವ ಅಗತ್ಯ ಯಾರಿಗೂ ಇರಲಿಲ್ಲ. ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತಿದ್ದ ವಸ್ತು ಅದು. ಆದರೆ ‘ಅಸಲಿ’ ಅಂದರೆ ಏನು ಅನ್ನುವುದನ್ನು ಮೊದಲು ಬಿಡಿಸಿಕೊಳ್ಳಬೇಕು. ಬೆಲೆ, ಮುಂದಿನ ಖರೀದಿ ಎಲ್ಲವೂ ಅದರ ಮೇಲೇ ನಿಂತಿದೆ.

ತಟ್ಟೆಯ ಮೇಲೆ ಕಲಾವಿದನ ಹೆಸರಿದ್ದರೆ ಆತನೇ ಕುಂಚ ಹಿಡಿದು ಅದನ್ನು ಬರೆದ ಅಂತ ಹೆಚ್ಚಿನವರು ತಿಳಿಯುತ್ತಾರೆ. ಹಾಗಲ್ಲ. ನಿಮ್ಮ ಹಜಾರದಲ್ಲೂ ಒಂದು ರವಿವರ್ಮನ ಲಕ್ಷ್ಮಿ ಪಟ ಇದ್ದೀತು. ಅದರಲ್ಲಿ ಅವರ ಹೆಸರು ಇರುತ್ತದೆ, ಚಿತ್ರವೂ ಅವರದ್ದೇ, ಆದರೆ ಪಟ ಪ್ರೆಸ್ಸಿನಲ್ಲಿ ಅಚ್ಚಾದದ್ದು. ನಿಮ್ಮ ಐದು ತಟ್ಟೆಗಳೂ ಹಾಗೇ. ವೀನ್‌ಬ್ಲಾಡ್ ಚಿತ್ರ ಬರೆದುಕೊಟ್ಟರು, ಕಾರ್ಖಾನೆ ಸಾವಿರಗಟ್ಟಲೆ ಅಚ್ಚು ಹಾಕಿತು. ಇದರಲ್ಲಿ ಮೋಸ ಇಲ್ಲ. ಆ ಕಾಲದ ಯುರೋಪಿನಲ್ಲಿ ಒಳ್ಳೆ ಕಲಾವಿದನ ಕೆಲಸ ಸಾಮಾನ್ಯರ ಮನೆಗೂ ಸಿಗಲಿ ಎಂದೇ ಇದನ್ನು ಮಾಡುತ್ತಿದ್ದರು. ಮಾರುವವರು ಮಾತ್ರ ಈ ವ್ಯತ್ಯಾಸವನ್ನು ಸುಮ್ನೆ ನುಂಗಿಬಿಡುತ್ತಾರೆ. ‘ವೀನ್‌ಬ್ಲಾಡ್ ಕೈಯಿಂದ ಮಾಡಿದ್ದು’ ಎಂದು ಯಾರಾದರೂ ಹೇಳಿದರೆ ತಟ್ಟೆಯ ಹಿಂಭಾಗ ತೋರಿಸಿ ಅನ್ನಿ.

ವೀನ್‌ಬ್ಲಾಡ್ ಹುಟ್ಟಿದ್ದು 1918ರಲ್ಲಿ, ತೀರಿಕೊಂಡದ್ದು 2006ರಲ್ಲಿ. ಕೋಪನ್‌ಹೇಗನ್‌ನವರು. ದುಂಡು ಮುಖ, ಬಾದಾಮಿ ಕಣ್ಣು, ತಲೆ ತುಂಬಾ ಹೂವು ಹಕ್ಕಿ, ಬಟ್ಟೆಯ ಮಡಿಕೆಯಲ್ಲೂ ಬಳ್ಳಿ. ಒಮ್ಮೆ ನೋಡಿದರೆ ಮರೆಯುವ ಕೈಯಲ್ಲ. ಪೋಸ್ಟರ್ ಬರೆದರು, ನಾಟಕ ಬ್ಯಾಲೆಗಳಿಗೆ ರಂಗಸಜ್ಜಿಕೆ ಮಾಡಿದರು, ಜೇಡಿಮಣ್ಣಿನ ಕೆಲಸವನ್ನಂತೂ ಕೊನೆವರೆಗೂ ಬಿಡಲಿಲ್ಲ. ಅವರ ಹೆಸರಿನ ಸಾಮಾನು ಮಾರುಕಟ್ಟೆಯಲ್ಲಿ ಮೂರು ಮಟ್ಟದಲ್ಲಿ ಸಿಗುತ್ತದೆ. ಮೊದಲನೆಯದು ಅವರ ಸ್ವಂತ ಕಾರ್ಯಾಗಾರದಲ್ಲಿ ಕೈಯಲ್ಲಿ ಮಾಡಿ, ಕೈಯಲ್ಲೇ ಬಣ್ಣ ಹಾಕಿದ ಹೂಜಿ, ಹೆಣ್ಣಿನ ಬೊಂಬೆ, ಅಗಲ ತಟ್ಟೆಗಳು. ಇವುಗಳಲ್ಲಿ ಸಹಿ ಮತ್ತು ಇಸವಿಯನ್ನು ಕುಂಚದಲ್ಲಿ ಬರೆದಿರುತ್ತಾರೆ. ಗೆರೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ದುಬಾರಿ ಇವೇ. ಎರಡನೆಯದು ಜರ್ಮನಿಯ ರೋಸೆಂಥಾಲ್ ಕಾರ್ಖಾನೆಗೆ ಅವರು ಮಾಡಿಕೊಟ್ಟ ಪಿಂಗಾಣಿ. ಮೂರನೆಯದು ಡೆನ್ಮಾರ್ಕಿನ ನಿಮೊಲ್ಲೆ ಕಾರ್ಖಾನೆಯದ್ದು. ನಿಮ್ಮಲ್ಲಿರುವುದು ಎರಡು ಮತ್ತು ಮೂರು.

ನಿಮೊಲ್ಲೆಯ ನಾಲ್ಕು ತಟ್ಟೆಗಳ ಬಗ್ಗೆ ಒಂದು ಮಾತು. ಅವು ಪಿಂಗಾಣಿ ಅಲ್ಲ. ಬೇಸರ ಮಾಡಿಕೊಳ್ಳಬೇಡಿ. ಅವಕ್ಕೆ ಫಯಾನ್ಸ್ ಅನ್ನುತ್ತಾರೆ. ಕಡಿಮೆ ಶಾಖದಲ್ಲಿ ಸುಟ್ಟ, ಒಳಗೆ ಸಣ್ಣ ಸಣ್ಣ ತೂತು ಉಳಿದಿರುವ ಮಣ್ಣು, ಮೇಲೆ ಬಿಳಿ ಗಾಜಿನ ಲೇಪ. ಪಿಂಗಾಣಿ ಆಗಬೇಕಾದರೆ ಕಯೋಲಿನ್ ಎಂಬ ಬಿಳಿ ಜೇಡಿ, ಫೆಲ್ಡ್‌ಸ್ಪಾರ್ ಎಂಬ ಖನಿಜ, ಬೆಣಚು ಕಲ್ಲಿನ ಪುಡಿ ಬೆರೆತು 1,300ರಿಂದ 1,400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಂದು, ಒಳಗೂ ಹೊರಗೂ ಗಾಜಿನಂತೆ ಕೂಡಿಕೊಳ್ಳಬೇಕು. ಈ ಗುಟ್ಟು ಯುರೋಪಿಗೆ ಸಿಕ್ಕಿದ್ದೇ 1700ರ ನಂತರ. 1710ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಮೊದಲ ಕಾರ್ಖಾನೆ ಬಂತು. ಅಲ್ಲಿವರೆಗೆ ಚೀನಾ, ಜಪಾನ್‌ನಿಂದ ಹಡಗಿನಲ್ಲಿ ತರಿಸಿಕೊಂಡು ಬಂಗಾರದ ಬೆಲೆ ತೆರುತ್ತಿದ್ದರು.

ಎರಡನ್ನೂ ಮನೆಯಲ್ಲೇ ಗುರುತಿಸಬಹುದು. ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ತಟ್ಟೆಯ ಅಂಚಿನ ಹಿಂದೆ ಹಿಡಿಯಿರಿ. ಟಾರ್ಚಿಗೂ ತಟ್ಟೆಗೂ ನಡುವೆ ಬೆರಳು ಆಡಿಸಿ. ರೋಸೆಂಥಾಲ್ ತಟ್ಟೆಯ ತೆಳು ಅಂಚಿನಲ್ಲಿ ಬೆರಳಿನ ನೆರಳು ಓಡಾಡುವುದು ಕಾಣುತ್ತದೆ. ನಿಮೊಲ್ಲೆಯಲ್ಲಿ ಏನೂ ಕಾಣುವುದಿಲ್ಲ, ಗೋಡೆ ಗೋಡೆಯೇ. ಆಮೇಲೆ ತಟ್ಟೆಯನ್ನು ಮೂರು ಬೆರಳ ತುದಿಯ ಮೇಲೆ ಕೂರಿಸಿ, ಅಂಚಿಗೆ ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿ. ಪಿಂಗಾಣಿ ಟಿಂಯ್ ಎಂದು ಎಳೆದು ಹಾಡುತ್ತದೆ. ಫಯಾನ್ಸಿನ ದನಿ ಗಿಡ್ಡ. ಪಿಂಗಾಣಿಯೇ ಆಗಿದ್ದೂ ದಡ್ ಎಂದರೆ ಎಲ್ಲೋ ಕೂದಲೆಳೆ ಬಿರುಕು ಬಿಟ್ಟಿದೆ ಎಂದೇ ಲೆಕ್ಕ. ಕಣ್ಣಿಗೆ ಕಾಣದ ಬಿರುಕನ್ನೂ ಕಿವಿ ಹಿಡಿಯುತ್ತದೆ. ನಾನು ಫೋಟೊ ನೋಡಿ ಕೊಳ್ಳುವಾಗ ಮಾರುವವರಿಂದ ತಟ್ಟುವ ವಿಡಿಯೊ ಕೇಳುತ್ತೇನೆ. ಕೊಡಲು ಸತಾಯಿಸಿದರೆ ಆ ತಟ್ಟೆ ಬಿಟ್ಟುಬಿಡುತ್ತೇನೆ.

ಜೋಡಿಯ ಚಿತ್ರ ಇರುವ ಆ ನಾಲ್ಕು ತಟ್ಟೆ ‘ತಿಂಗಳ ತಟ್ಟೆ’ಗಳಿರಬೇಕು. ವರ್ಷದ ಒಂದೊಂದು ತಿಂಗಳಿಗೆ ಒಂದೊಂದರಂತೆ ಒಟ್ಟು 12 ಇರುತ್ತವೆ. ತುಂಬಾ ಅಚ್ಚಾದವು, ಡೆನ್ಮಾರ್ಕಿನ ಹಳೆ ಸಾಮಾನಿನ ಸಂತೆಗಳಲ್ಲಿ ಈಗಲೂ ಸಿಗುತ್ತವೆ. ಅಂದರೆ ನಿಮ್ಮ ನಾಲ್ಕರಿಂದ ಲಕ್ಷ ಬರುವುದಿಲ್ಲ. ಆದರೆ ಉಳಿದ ಎಂಟನ್ನು ಹುಡುಕಿ 12 ಪೂರ್ತಿ ಮಾಡುವುದು ಕೈಗೆಟುಕುವ ಕೆಲಸ. ಗೋಡೆ ತುಂಬಿಸುವ ಆಸೆ ಇದೆ ಅಂದಿರಲ್ಲ, ಶುರು ಮಾಡಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣುವುದಿಲ್ಲ.

ರಾಜನ ತಟ್ಟೆ ಇನ್ನೂ ಸ್ವಾರಸ್ಯದ್ದು. ರೋಸೆಂಥಾಲ್ 1879ರಲ್ಲಿ ಬವೇರಿಯಾದ ಸೆಲ್ಬ್ ಕಡೆ ಶುರುವಾದ ಮನೆತನದ ಕಂಪನಿ. 1961ರಲ್ಲಿ ಅವರು ‘ಸ್ಟುಡಿಯೊ ಲೈನ್’ ಎಂದು ಹೊಸ ಸಾಲು ತೆಗೆದು ಹೊರಗಿನ ಕಲಾವಿದರನ್ನು, ಶಿಲ್ಪಿಗಳನ್ನು ಕರೆಸಿದರು. ಫಿನ್ಲೆಂಡಿನ ವಿನ್ಯಾಸಕಾರ ಟಾಪಿಯೊ ವಿರ್ಕಲಾ ಬಂದರು. ಜರ್ಮನಿಯ ಬೌಹೌಸ್ ಕಲಾಶಾಲೆ ಕಟ್ಟಿದ ವಾಸ್ತುಶಿಲ್ಪಿ ವಾಲ್ಟರ್ ಗ್ರೋಪಿಯಸ್ ಅವರ ಹೆಸರಿನಲ್ಲಿ ಚಹಾದ ಸೆಟ್ಟೇ ಬಂತು. ವೀನ್‌ಬ್ಲಾಡ್ ಇದಕ್ಕೂ ಮೊದಲೇ, 1950ರ ದಶಕದಲ್ಲಿ, ರೋಸೆಂಥಾಲ್ ಜೊತೆ ಕೆಲಸ ಶುರು ಮಾಡಿದ್ದರು. 1971ರಿಂದ ಅವರ ಕ್ರಿಸ್‌ಮಸ್ ತಟ್ಟೆಗಳು ಬರತೊಡಗಿದವು. ಮೊದಲ ವರ್ಷ ಮಗುವಿನೊಂದಿಗೆ ಮೇರಿ. ಮುಂದಿನ ಮೂರು ವರ್ಷ, ಏಸುವಿಗೆ ಕಾಣಿಕೆ ತಂದ ಮೂವರು ರಾಜರು: 1972ರಲ್ಲಿ ಕ್ಯಾಸ್ಪರ್, 1973ರಲ್ಲಿ ಮೆಲ್ಕಿಯರ್, 1974ರಲ್ಲಿ ಬಾಲ್ತಜಾರ್. ನಿಮ್ಮ ಕಿರೀಟದ ರಾಜ ಮೆಲ್ಕಿಯರ್. ಅಕ್ಕಪಕ್ಕದ ಇಬ್ಬರನ್ನು ಹುಡುಕಿದರೆ ಮೂವರೂ ಒಟ್ಟಿಗೆ ಗೋಡೆಯ ಮೇಲೆ ನಿಲ್ಲುತ್ತಾರೆ. 1971ರ ಮೇರಿ ಮೊದಲ ವರ್ಷದ್ದಾದ್ದರಿಂದ ಉಳಿದವಕ್ಕಿಂತ ತುಟ್ಟಿ. ಅದನ್ನು ಕೊನೆಗೆ ನೋಡಿಕೊಂಡರಾಯಿತು.

ಈ ತಟ್ಟೆಯನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಬಣ್ಣ, ಬಂಗಾರ ಎರಡೂ ಲೇಪದ ಮೇಲೆ ಕೂತಿರುತ್ತವೆ. ಹೊಳಪು ಬಿಳಿ ಭಾಗದಷ್ಟು ಸಮ ಇರುವುದಿಲ್ಲ, ಬೆರಳಾಡಿಸಿದರೆ ಎಲ್ಲಿ ಬಣ್ಣ ಶುರುವಾಗುತ್ತದೆ ಅಂತ ತಿಳಿಯುತ್ತದೆ. ಅಂದರೆ ಒಮ್ಮೆ ಜೋರು ಬೆಂಕಿಯಲ್ಲಿ ಸುಟ್ಟು, ಆಮೇಲೆ ಬಣ್ಣ ಹಾಕಿ, ಕಡಿಮೆ ಬೆಂಕಿಯಲ್ಲಿ ಮತ್ತೆ ಸುಟ್ಟಿದ್ದಾರೆ. ಇಂಥ ಬಣ್ಣ ಉಜ್ಜಿದರೆ ಸವೆಯುತ್ತದೆ. ಈಗ ಆರನೆಯ ನೀಲಿ ತಟ್ಟೆಯನ್ನು ಹಾಗೇ ಹಿಡಿಯಿರಿ. ಎಲ್ಲ ಕಡೆ ಒಂದೇ ನುಣುಪು. ಚಿತ್ರ ಲೇಪದ ಅಡಿಯಲ್ಲಿದೆ. ಡೆನ್ಮಾರ್ಕಿನ ಇಂಥ ತಟ್ಟೆಗಳೆಲ್ಲ ಯಾಕೆ ನೀಲಿ ಎಂದು ಕೇಳುವವರಿದ್ದಾರೆ. ಲೇಪದ ಅಡಿಯಲ್ಲಿ ಕೂತು 1,400 ಡಿಗ್ರಿಯ ಹತ್ತಿರದ ಶಾಖ ತಡೆಯುವ ಬಣ್ಣಗಳು ಬೆರಳೆಣಿಕೆಯಷ್ಟು. ಕೋಬಾಲ್ಟ್ ನೀಲಿ ಅದರಲ್ಲಿ ಎಲ್ಲಕ್ಕಿಂತ ಗಟ್ಟಿ. ಚೀನಾದವರು ಹಿಡಿದ ದಾರಿಯೂ ಅದೇ.

ಮೂರು ಅಲೆಯ ಗುರುತು ರಾಯಲ್ ಕೋಪನ್‌ಹೇಗನ್ ಕಾರ್ಖಾನೆಯದ್ದು. 1775ರಲ್ಲಿ ಶುರುವಾದದ್ದು. ಆ ಮೂರು ಅಲೆ ಡೆನ್ಮಾರ್ಕಿನ ಮೂರು ಜಲಸಂಧಿಗಳ ಗುರುತು. 1908ರಿಂದ ಪ್ರತಿ ವರ್ಷ ಒಂದು ಕ್ರಿಸ್‌ಮಸ್ ತಟ್ಟೆ ತರುತ್ತಿದ್ದಾರೆ. ಅವರಿಗೂ ಮೊದಲು 1895ರಲ್ಲೇ ಬಿಂಗ್ ಅಂಡ್ ಗ್ರೋಂಡಾಲ್ ಎಂಬ ಇನ್ನೊಂದು ಡೇನಿಶ್ ಕಾರ್ಖಾನೆ ಈ ಪದ್ಧತಿ ಹಾಕಿತ್ತು. ನಿಮ್ಮದು 1969ರ ಹಳ್ಳಿ ಅಂಗಳ. ಚೆಂದದ ತಟ್ಟೆ, ಆದರೆ ಅಪರೂಪದ್ದಲ್ಲ. 1960ರ ದಶಕದ ಕೊನೆ ಮತ್ತು 70ರ ದಶಕದಲ್ಲಿ ಅಮೆರಿಕದಲ್ಲಿ ವರ್ಷದ ತಟ್ಟೆ ಕೂಡಿಸುವ ಹುಚ್ಚು ಹಬ್ಬಿತು. ಮುಂದೆ ಬೆಲೆ ಏರುತ್ತದೆ ಎಂದು ಜನ ಡಬ್ಬಿ ಸಮೇತ ಕೊಂಡು ಕಪಾಟಿನಲ್ಲಿಟ್ಟರು. ಕಾರ್ಖಾನೆಗಳೂ ಬೇಡಿಕೆಗೆ ತಕ್ಕಂತೆ ಮಾಡಿದವು. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಬೆಲೆ ಎಲ್ಲಿಂದ ಬರಬೇಕು? ಈ ಸಾಲಿನಲ್ಲಿ ಬೆಲೆ ಇರುವುದು ಆರಂಭದ ವರ್ಷಗಳಿಗೆ, ಮತ್ತೆ ಎರಡನೇ ಮಹಾಯುದ್ಧದ ನಡುವೆ ಕಡಿಮೆ ಸಂಖ್ಯೆಯಲ್ಲಿ ಬಂದವಕ್ಕೆ. ಹಾಗಾಗಿ ಯಾರಾದರೂ ‘ಇದು ಒಳ್ಳೆ ಇನ್ವೆಸ್ಟ್‌ಮೆಂಟ್’ ಎಂದರೆ ನಕ್ಕು ಬಿಟ್ಟುಬಿಡಿ. ದುಡ್ಡು ಬೆಳೆಸಬೇಕೆಂದಿದ್ದರೆ ಇನ್ನಷ್ಟು ಅಡಿಕೆ ಸಸಿ ಹಾಕುವುದೇ ವಾಸಿ.

ಹಿಂಭಾಗದಲ್ಲಿ ಇನ್ನೊಂದು ಗುರುತು ಹುಡುಕಿ. ಅಲೆಗಳ ಮೇಲೆ, ಲೇಪ ಕೊರೆದ ಹಾಗೆ, ಸಣ್ಣ ಅಡ್ಡ ಗೀರು ಇದೆಯಾ? ಇದ್ದರೆ ಅದು ಕಾರ್ಖಾನೆಯೇ ಎರಡನೇ ದರ್ಜೆ ಎಂದು ತಳ್ಳಿದ ತಟ್ಟೆ. ಮೈಸೆನ್ ಕಾರ್ಖಾನೆಯ ಗುರುತಾದ ಜೋಡಿ ಕತ್ತಿಗಳ ಮೇಲೂ ಹೀಗೇ ಗೀರುತ್ತಿದ್ದರು. ಲೇಪದಲ್ಲಿ ಒಂದು ಕಪ್ಪು ಚುಕ್ಕೆ, ಸ್ವಲ್ಪ ಡೊಂಕು, ಅಷ್ಟೇ ಕಾರಣ ಇರುತ್ತದೆ. ಮನೆ ಗೋಡೆಗೆ ಧಾರಾಳವಾಗಿ ನಡೆಯುತ್ತದೆ, ಬೆಲೆ ಮಾತ್ರ ಮೊದಲ ದರ್ಜೆಯದ್ದು ಕೊಡಬಾರದು. ಮಾರುವವರು ಹಿಂಭಾಗದ ಫೋಟೊ ಮಸುಕಾಗಿ ತೆಗೆದಿದ್ದರೆ ನನಗೆ ಮೊದಲು ಅನುಮಾನ ಬರುವುದು ಈ ಗೀರಿನ ಮೇಲೆ.

ಇನ್ನು ಅತ್ತೆಯವರ ಪ್ರಶ್ನೆ. ಅವರು ಕೇಳಿದ್ದು ಸರಿಯಾಗಿಯೇ ಇದೆ, ಆದರೆ ಎಲ್ಲ ಪಿಂಗಾಣಿಗೂ ಅಲ್ಲ. ‘ಬೋನ್ ಚೈನಾ’ ಎಂದು ಬರೆದಿರುವ ಸಾಮಾನಿನಲ್ಲಿ ಸುಟ್ಟ ಮೂಳೆಯ ಬೂದಿ ನಿಜಕ್ಕೂ ಇರುತ್ತದೆ, ಅದೂ ಹೆಚ್ಚುಕಡಿಮೆ ಅರ್ಧದಷ್ಟು. ಸಾಮಾನ್ಯವಾಗಿ ದನದ ಮೂಳೆ. 18ನೇ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಸ್ಪೋಡ್ ಮನೆತನದವರು ಈ ಪಾಕವನ್ನು ಹದಕ್ಕೆ ತಂದರು. ಅದರಿಂದಲೇ ಇಂಗ್ಲಿಷ್ ಕಪ್ಪುಗಳಿಗೆ ಆ ಹಾಲು ಬಿಳುಪು. ನಿಮ್ಮ ನೀಲಿ ತಟ್ಟೆ ಗಟ್ಟಿ ಪಿಂಗಾಣಿ, ಅದರಲ್ಲಿ ಮೂಳೆ ಇಲ್ಲ. ನಿಮೊಲ್ಲೆಯವು ಫಯಾನ್ಸ್, ಅವುಗಳಲ್ಲೂ ಇಲ್ಲ. ರೋಸೆಂಥಾಲ್ ಬೋನ್ ಚೈನಾ ಮಾಡಿದ್ದಾಗ ಹಿಂದೆ ಹಾಗೆಂದೇ ಬರೆದಿರುತ್ತದೆ, ನೋಡಿಕೊಳ್ಳಿ. ಮಡಿ ಮೈಲಿಗೆ ನೋಡುವ ಮನೆಗಳಲ್ಲಿ ಇದು ಸಣ್ಣ ವಿಷಯ ಅಲ್ಲ. ಮುಂದೆ ಕೊಳ್ಳುವಾಗ ಅತ್ತೆಯವರನ್ನೂ ಕೇಳಿಯೇ ಕೊಳ್ಳುವುದು ಮನೆಯ ನೆಮ್ಮದಿಗೆ ಒಳ್ಳೆಯದು.

ಮೂಳೆ ಇಲ್ಲ ಅಂದ ಮಾತ್ರಕ್ಕೆ ಇವುಗಳಲ್ಲಿ ಬಡಿಸಬೇಡಿ. ಇದನ್ನು ಸ್ವಲ್ಪ ಖಡಾಖಂಡಿತವಾಗಿಯೇ ಹೇಳುತ್ತೇನೆ. ಲೇಪದ ಮೇಲಿನ ಹಳೆ ಬಣ್ಣಗಳಲ್ಲಿ ಸೀಸ ಇರಬಹುದು, ಕೆಂಪು, ಕಿತ್ತಳೆ, ಹಳದಿಯಲ್ಲಿ ಕ್ಯಾಡ್ಮಿಯಂ ಇರಬಹುದು, ಎರಡೂ ವಿಷದ ಲೋಹಗಳು. ಹುಳಿ ತಾಗಿದರೆ ಅವು ಬಿಟ್ಟುಕೊಳ್ಳುತ್ತವೆ. ನಮ್ಮ ಊಟದಲ್ಲಿ ಹುಳಿ ಇಲ್ಲದ ಪದಾರ್ಥ ಯಾವುದಿದೆ ಹೇಳಿ? ಅಪ್ಪೆಹುಳಿ, ತಂಬುಳಿ, ಮಜ್ಜಿಗೆ, ಉಪ್ಪಿನಕಾಯಿ. ಫಯಾನ್ಸಿನ ಲೇಪದಲ್ಲಿ ಕೂದಲೆಳೆಯಂಥ ಬಿರುಕಿದ್ದರೆ ಎಣ್ಣೆ, ಸಾರು ಒಳಗಿಳಿದು ಕಂದು ಕಲೆಯಾಗುತ್ತದೆ, ಅದು ಮತ್ತೆ ಹೋಗುವುದಿಲ್ಲ. ಬಂಗಾರ ಇರುವುದನ್ನು ಮೈಕ್ರೋವೇವ್‌ಗೆ ಇಡಲೇಬಾರದು, ಕಿಡಿ ಹಾರುತ್ತದೆ. ಗೋಡೆಗೆ ಮಾಡಿದ್ದು ಗೋಡೆ ಮೇಲೇ ಇರಲಿ.

ತೇವದ ವಿಷಯಕ್ಕೆ ಬರೋಣ. ಆಗುಂಬೆ ಕಡೆಯ ಮಳೆಗಾಲ ಕಂಡವರಿಗೆ ಈ ಹೆದರಿಕೆ ಸಹಜ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವುದು ಹೊಸದಲ್ಲ. ಚಪ್ಪಲಿ, ಪುಸ್ತಕ, ಬೆಲ್ಟು ಎಲ್ಲಕ್ಕೂ ಬೂಷ್ಟು. ಆದರೆ ಪಿಂಗಾಣಿಗೆ ಈ ತೇವ ಏನೂ ಮಾಡುವುದಿಲ್ಲ. ಸಮುದ್ರದಲ್ಲಿ ಮುಳುಗಿದ ಹಡಗುಗಳಿಂದ ಇನ್ನೂರು ಮುನ್ನೂರು ವರ್ಷದ ನಂತರ ಎತ್ತಿದ ಚೀನಾ ತಟ್ಟೆಗಳು ಹೊಸದರಂತೆ ಬಂದಿವೆ. ತೊಂದರೆ ಕೊಡುವುದು ತಟ್ಟೆಯ ಸುತ್ತಲಿನ ಸಾಮಾನು. ರಟ್ಟಿನ ಡಬ್ಬಿ, ನ್ಯೂಸ್ ಪೇಪರ್, ಥರ್ಮಾಕೋಲ್ ಜೊತೆ ಬಂದ ಗೋಂದಿನ ಟೇಪು, ಕೊಕ್ಕೆ, ಮೊಳೆ.

ತಟ್ಟೆ ನೇತು ಹಾಕುವ ಬಗೆಗಳನ್ನೇ ತಗೊಳ್ಳಿ. ಈಗ ಆನ್‌ಲೈನಿನಲ್ಲಿ ದುಂಡಗಿನ ಅಂಟುಬಿಲ್ಲೆ ಬರುತ್ತದೆ. ನೀರು ಹಚ್ಚಿ ತಟ್ಟೆಯ ಹಿಂದೆ ಅಂಟಿಸಿದರೆ ಆಯಿತು, ಮುಂದೆ ಏನೂ ಕಾಣುವುದಿಲ್ಲ. ಬೇಡವಾದಾಗ ನೀರಿನಲ್ಲಿ ನೆನೆಸಿದರೆ ಬಿಟ್ಟುಕೊಳ್ಳುತ್ತದೆ. ಬಯಲುಸೀಮೆಗೆ ಒಳ್ಳೆಯದು. ನೀರಿಗೆ ಬಿಡುವ ಗೋಂದನ್ನು ನಂಬಿ ಜುಲೈ ತಿಂಗಳಲ್ಲಿ ತೀರ್ಥಹಳ್ಳಿಯ ಗೋಡೆಗೆ ತಟ್ಟೆ ತೂಗುವುದಕ್ಕೆ ನಾನಂತೂ ಧೈರ್ಯ ಮಾಡುವುದಿಲ್ಲ. ಸ್ಪ್ರಿಂಗ್ ಇರುವ ತಂತಿಯ ಹಿಡಿಕೆ ಇನ್ನೊಂದು ಬಗೆ. ನಾಲ್ಕು ಕಡೆಯಿಂದ ತಟ್ಟೆಯ ಅಂಚನ್ನು ಕಚ್ಚಿ ಹಿಡಿಯುತ್ತದೆ. ಸ್ಪ್ರಿಂಗ್ ಬಿಗಿ ಜಾಸ್ತಿಯಾದರೆ ಅಂಚು ಚಕ್ಕೆ ಏಳುತ್ತದೆ, ಕಬ್ಬಿಣದ್ದಾದರೆ ನಮ್ಮಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು. ಆ ತುಕ್ಕು ಬಂಗಾರದ ಅಂಚಿಗೆ ಹತ್ತಿದರೆ ಕಥೆ ಮುಗಿಯಿತು. ಹಾಕಲೇಬೇಕಾದರೆ ಪ್ಲಾಸ್ಟಿಕ್ ತೋಳು ಇರುವ ಸ್ಟೀಲಿನದ್ದು ಹಾಕಿ. ನಿಮ್ಮ ನೀಲಿ ತಟ್ಟೆಯನ್ನು ಮಗುಚಿ ನೋಡಿದರೆ ಹಿಂದಿನ ಉಂಗುರದಲ್ಲಿ ಎರಡು ಸಣ್ಣ ತೂತು ಕಾಣಬೇಕು. ಅವು ಕಾರ್ಖಾನೆಯವರೇ ನೇತು ಹಾಕಲು ಬಿಟ್ಟದ್ದು. ತಾಮ್ರದ ತಂತಿ ಅಥವಾ ಗಟ್ಟಿ ನೈಲಾನ್ ದಾರ ಪೋಣಿಸಿ. ಹತ್ತಿ ದಾರ ಬೇಡ, ಕೊಳೆಯುತ್ತದೆ.

ಗೋಡೆಯದ್ದು ಬೇರೆ ಪಂಚಾಯ್ತಿ. ಹಳೆ ತೊಟ್ಟಿ ಮನೆ ಅಂದರೆ ಮಣ್ಣಿನ ಗೋಡೆಯೋ ಜಂಬಿಟ್ಟಿಗೆಯೋ ಇರುತ್ತದೆ. ಮಣ್ಣಿನ ಗೋಡೆಯಲ್ಲಿ ಮೊಳೆ ನಿಲ್ಲುವುದಿಲ್ಲ. ಇವತ್ತು ಬಿಗಿಯಾಗಿ ಕೂತದ್ದು ಮಳೆಯಲ್ಲಿ ಗೋಡೆ ಮೆತ್ತಗಾದಾಗ ತಲೆ ಬಾಗಿಸುತ್ತದೆ. ನನ್ನ ಸಲಹೆ, ಒಂದೊಂದು ತಟ್ಟೆಗೆ ಒಂದೊಂದು ಮೊಳೆ ಹೊಡೆಯುವ ಬದಲು ಉದ್ದಕ್ಕೆ ಒಂದು ಮರದ ಪಟ್ಟಿ ಮಾಡಿಸಿ. ಹಲಸು ಅಥವಾ ಸಾಗವಾನಿ. ತಟ್ಟೆಯ ಬುಡ ಕೂರಲು ಉದ್ದಕ್ಕೆ ಕೊರೆದ ಒಂದು ತೋಡು, ಜಾರದಂತೆ ಮುಂದೆ ಅರ್ಧ ಇಂಚಿನ ತುಟಿ, ತಟ್ಟೆಯ ಎದೆಮಟ್ಟಕ್ಕೆ ಅಡ್ಡ ಒಂದು ತೆಳು ಕಂಬಿ. ಭಾರವನ್ನು ಮನೆಯ ಮರದ ಕಂಬ, ತೊಲೆಗಳಿಗೆ ಕೊಡಿ, ಗೋಡೆಗಲ್ಲ. ಸಾಗರ, ಸೊರಬದಲ್ಲಿ ಗುಡಿಗಾರರ ಕುಟುಂಬಗಳಿವೆ. ಗಂಧದ ಮರದಲ್ಲಿ ದೇವರನ್ನೇ ಕಡೆಯುವ ಕೈಗೆ ಇದೇನೂ ಕಷ್ಟ ಅಲ್ಲ, ತಟ್ಟೆಯ ಚಿತ್ರಕ್ಕೆ ಹೊಂದುವ ಬಳ್ಳಿ ಕೆತ್ತನೆಯನ್ನೂ ಮಾಡಿಕೊಡಬಲ್ಲರು. ಮರಕ್ಕೂ ತಟ್ಟೆಗೂ ನಡುವೆ ಉಣ್ಣೆ ಬಟ್ಟೆ ಅಂಟಿಸಬೇಡಿ, ತೇವ ಹಿಡಿದು ಬೂಷ್ಟು ಬರುತ್ತದೆ. ಸಣ್ಣ ಸಿಲಿಕೋನ್ ಗುಂಡಿ ಸಾಕು.

ಎಲ್ಲಿ ಹಾಕಬೇಕು ಅನ್ನುವುದನ್ನು ಮನೆ ಸುತ್ತಿ ನೋಡಿ ತೀರ್ಮಾನಿಸಿ. ಹೆಬ್ಬಾಗಿಲು ಇರುವ ಗೋಡೆ ಬೇಡ. ಗಾಳಿಗೆ ಬಾಗಿಲು ದಢಾರ್ ಎಂದಾಗ ಇಡೀ ಗೋಡೆ ಅದುರುತ್ತದೆ. ಒಲೆ ಹೊಗೆ ಬರುವ ಕಡೆ ಬೇಡ, ಜಿಡ್ಡು ಮಸಿ ಕೂರುತ್ತದೆ. ಬಿಸಿಲು ಬಿದ್ದರೆ ಚಿಂತೆ ಇಲ್ಲ, ಬೆಂಕಿಯಲ್ಲಿ ಸುಟ್ಟ ಬಣ್ಣ ಬಿಸಿಲಿಗೆ ಮಾಸುವುದಿಲ್ಲ. ಜಗಲಿ ಮಾತ್ರ ಬೇಡವೇ ಬೇಡ. ಮಂಗಗಳಿಗೆ ವೀನ್‌ಬ್ಲಾಡೂ ಒಂದೇ, ಬಾಳೆಗೊನೆಯೂ ಒಂದೇ.

ತೊಳೆಯುವುದು ವರ್ಷಕ್ಕೊಮ್ಮೆ ಸಾಕು, ನವರಾತ್ರಿಗೆ ಮನೆ ತೊಳೆಯುವಾಗ ಮಾಡಿದರೆ ನೆನಪೂ ಇರುತ್ತದೆ. ಪ್ಲಾಸ್ಟಿಕ್ ಟಬ್ಬಿನ ತಳಕ್ಕೆ ಟವೆಲ್ ಹಾಸಿ, ಉಗುರುಬೆಚ್ಚಗಿನ ನೀರು, ಒಂದೆರಡು ಹನಿ ಪಾತ್ರೆ ಸೋಪು, ಮೆತ್ತನೆ ಬಟ್ಟೆ. ಒಂದು ಸಲಕ್ಕೆ ಒಂದೇ ತಟ್ಟೆ. ಹಿತ್ತಾಳೆ ಬೆಳಗುವ ಹುಣಸೆಹಣ್ಣು, ನಾರು, ಬೂದಿ ಯಾವುದೂ ಹತ್ತಿರ ಬರಬಾರದು. ಹುಣಸೆ ಹುಳಿ ಬಣ್ಣವನ್ನು ತಿನ್ನುತ್ತದೆ, ನಾರು ಬಂಗಾರವನ್ನು ಕೆರೆಯುತ್ತದೆ. ಮನೆ ಕೆಲಸಕ್ಕೆ ಬರುವವರಿಗೆ ಮೊದಲೇ ಹೇಳಿಬಿಡಿ. ನಿಮೊಲ್ಲೆಯವನ್ನು ನೆನೆಹಾಕಬೇಡಿ, ಒರೆಸಿ ತೆಗೆಯಿರಿ. ಎತ್ತಿಡುವುದಾದರೆ ರಟ್ಟು ಪೇಪರ್ ಬಿಟ್ಟು, ಒಗೆದು ಒಗೆದು ಮೆತ್ತಗಾದ ಹಳೆ ಪಂಚೆ ಸುತ್ತಿ. ನಡುವೆ ಬಟ್ಟೆ ಇಲ್ಲದೆ ಒಂದರ ಮೇಲೊಂದು ಪೇರಿಸಿದರೆ ಮೇಲಿನ ತಟ್ಟೆಯ ಒರಟು ಬುಡ ಕೆಳಗಿನದರ ಚಿತ್ರವನ್ನು ಗೀರುತ್ತದೆ.

ಕೊಳ್ಳುವ ದಾರಿ. ಶಿವಮೊಗ್ಗದಲ್ಲಿ ಇದಕ್ಕೆಂದೇ ಅಂಗಡಿ ಹುಡುಕಿ ಹೊರಡಬೇಡಿ. ಗುಜರಿಯವರಿಗೆ, ಹಳೆ ಮನೆ ಬಿಚ್ಚುವ ಮರದ ವ್ಯಾಪಾರಿಗಳಿಗೆ ಹೇಳಿಡಿ. ಮನೆ ಬಿಚ್ಚುವಾಗ ಕಂಬ, ಬಾಗಿಲಿನ ಜೊತೆ ಅಟ್ಟದ ಸಾಮಾನೂ ಅವರ ಕೈ ಸೇರುತ್ತದೆ. ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಹಳೆ ಎಸ್ಟೇಟ್ ಬಂಗಲೆಗಳಲ್ಲಿ ಇಂಗ್ಲಿಷ್ ಟೀ ಸೆಟ್ಟುಗಳು ಇನ್ನೂ ಇವೆ, ಆಗೊಮ್ಮೆ ಈಗೊಮ್ಮೆ ಹೊರಗೆ ಬರುತ್ತವೆ. ದೂರ ಹೋಗುವುದಾದರೆ ಕಾರೈಕುಡಿಯ ಹಳೆ ಸಾಮಾನಿನ ಅಂಗಡಿಗಳು, ಕೊಚ್ಚಿಯ ಜ್ಯೂ ಟೌನ್, ಮುಂಬಯಿಯ ಚೋರ್ ಬಜಾರ್. ತಿಂಗಳ ತಟ್ಟೆ, ರಾಜರ ತಟ್ಟೆಗಳಿಗೆ ಮಾತ್ರ ಯುರೋಪಿನ ಮಾರಾಟಗಾರರೇ ಗತಿ. ಅಲ್ಲಿ ತಟ್ಟೆಗಿಂತ ಸಾಗಣೆ ಖರ್ಚೇ ಜಾಸ್ತಿ, ಮೇಲೆ ಕಸ್ಟಮ್ಸ್ ಸುಂಕ. ಬಳಸಿದ ಸಾಮಾನು ತರಿಸುವುದಕ್ಕೆ ಬೇರೆ ನಿಯಮಗಳೂ ಇವೆ, ದುಡ್ಡು ಕಟ್ಟುವ ಮೊದಲು ವಿಚಾರಿಸಿಕೊಳ್ಳಿ. ಈಗ ಮಲೆನಾಡಿನ ಎಷ್ಟು ಮನೆಗಳ ಮಕ್ಕಳು ಜರ್ಮನಿ, ಸ್ವೀಡನ್‌ನಲ್ಲಿಲ್ಲ? ಊರಿಗೆ ಬರುವಾಗ ಕೈಚೀಲದಲ್ಲಿ ಎರಡು ತಟ್ಟೆ ತರಲು ಹೇಳಿ. ಲಗೇಜಿಗೆ ಹಾಕಬಾರದು, ಕೈಯಲ್ಲೇ ಇರಬೇಕು.

ಒಂದು ಎಚ್ಚರಿಕೆ. ಕಪ್ಪು ಬಿಳುಪಿನಲ್ಲಿ ಒಬ್ಬಳೇ ಹೆಂಗಸಿನ ಮುಖ ಇರುವ ತಟ್ಟೆಗಳನ್ನು ನೀವು ಆನ್‌ಲೈನಿನಲ್ಲಿ ನೋಡಿರುತ್ತೀರಿ. ಅದು ಮಿಲಾನಿನ ಪಿಯೆರೊ ಫೊರ್ನಾಸೆಟ್ಟಿ ಅವರದ್ದು. 1913ರಿಂದ 1988ರವರೆಗೆ ಬದುಕಿದ್ದವರು. ಲೀನಾ ಕವಲಿಯೇರಿ ಎಂಬ ಒಪೆರಾ ಹಾಡುಗಾರ್ತಿಯ ಮುಖವನ್ನು ಹಳೆ ಪತ್ರಿಕೆಯೊಂದರಲ್ಲಿ ನೋಡಿ, ಅದೊಂದೇ ಮುಖದಿಂದ 350ಕ್ಕೂ ಹೆಚ್ಚು ಬಗೆ ಮಾಡಿದರು. ಅವರ ಮನೆಯವರು ಇವನ್ನು ಈಗಲೂ ತಯಾರಿಸುತ್ತಾರೆ, ಆದ್ದರಿಂದ ಅಸಲಿ ಎಂದ ಮಾತ್ರಕ್ಕೆ ಹಳೆಯದು ಎಂದಾಗುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಹೆಸರಿಲ್ಲದ ನಕಲುಗಳು ಹೊಳೆಯಂತೆ ಹರಿಯುತ್ತಿವೆ. ಅಂದಕ್ಕೆ ಎಂದು ನಕಲು ಕೊಂಡರೆ ಅದು ನಿಮ್ಮ ಇಷ್ಟ, ‘ವಿಂಟೇಜ್’ ಎಂದು ಬೆಲೆ ಕಟ್ಟಿದರೆ ಮಾತ್ರ ಬೇಡ.

ಕಾನೂನಿನ ಬಗ್ಗೆ ನೀವು ಕೇಳಿಲ್ಲ, ಆದರೂ ಇರಲಿ. 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ವಸ್ತುಗಳಿಗೆ ಅನ್ವಯಿಸುತ್ತದೆ. ಅಂಥವನ್ನು ವ್ಯಾಪಾರ ಮಾಡಲು ಲೈಸೆನ್ಸ್ ಬೇಕು, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಆರು ತಟ್ಟೆಗೆ ಆ ವಯಸ್ಸಿಲ್ಲ. ಆದರೆ ಅದೇ ಅಟ್ಟದಲ್ಲಿ ರವಿವರ್ಮ ಶೈಲಿಯ ಲಕ್ಷ್ಮಿ, ಸರಸ್ವತಿ, ಕೃಷ್ಣನ ಉಬ್ಬು ಚಿತ್ರದ ಟೈಲ್ಸ್ ಸಿಕ್ಕರೆ ಹಿಂದೆ ತಿರುಗಿಸಿ ನೋಡಿ. ‘ಮೇಡ್ ಇನ್ ಜಪಾನ್’ ಎಂದಿದ್ದರೆ ಅವು 20ನೇ ಶತಮಾನದ ಮೊದಲ ದಶಕಗಳಲ್ಲಿ ಜಪಾನಿನವರು ನಮ್ಮ ದೇಶಕ್ಕೆಂದೇ ಮಾಡಿ ಕಳಿಸಿದವು ಇರಬಹುದು. ಕೆಲವಕ್ಕೆ ನೂರು ತುಂಬಿರುತ್ತದೆ, ಮಾರುವ ಯೋಚನೆ ಇದ್ದರೆ ಮೊದಲು ಕಾನೂನು ತಿಳಿದವರನ್ನು ಕೇಳಿ. ನನ್ನ ಕಣ್ಣಿಗೆ ನಿಮ್ಮ ಹಜಾರದಲ್ಲಿ ಡೆನ್ಮಾರ್ಕಿನ ತಟ್ಟೆಗಳ ಪಕ್ಕ ಅಂಥ ಒಂದು ಸಾಲು ಚೆನ್ನಾಗಿ ಒಪ್ಪುತ್ತದೆ.

ಸದ್ಯಕ್ಕೆ ಮಾಡಬೇಕಾದದ್ದು ಇಷ್ಟು. ಆರೂ ತಟ್ಟೆಯ ಹಿಂದೆ ಮುಂದೆ ಹಗಲು ಬೆಳಕಿನಲ್ಲಿ ಫೋಟೊ ತೆಗೆಯಿರಿ. ಯಾವ ತಿಂಗಳು ಇದೆ, ಯಾವುದಿಲ್ಲ, ಯಾವುದರಲ್ಲಿ ಚಕ್ಕೆ ಎದ್ದಿದೆ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದೊಡ್ಡಪ್ಪ ಯಾವ ಹಡಗಿನಲ್ಲಿದ್ದರು, ಯಾವ ಬಂದರಿನಲ್ಲಿ ಕೊಂಡರು ಎಂದು ಮನೆಯ ಹಿರಿಯರಿಗೆ ನೆನಪಿದ್ದರೆ ಅದನ್ನೂ ಸೇರಿಸಿ. ಟ್ರಂಕಿನ ತಳದಲ್ಲಿ ರಸೀದಿ, ಡಬ್ಬಿಯ ಮುಚ್ಚಳ ಏನಾದರೂ ಬಿದ್ದಿದ್ದರೆ ಎಸೆಯಬೇಡಿ. ಪಟ್ಟಿ ಹೊಡೆಸುವ ಕೆಲಸ ಮಳೆ ನಿಂತ ಮೇಲೆ, ದೀಪಾವಳಿ ಹೊತ್ತಿಗೆ ಇಟ್ಟುಕೊಳ್ಳಿ. ಆಗ ಮರವೂ ಒಣಗಿರುತ್ತದೆ, ಗೋಡೆಯೂ.